ಆರಿಸಿ ಉಂಡ ದಿನಗಳು

ಬೆಳ್ಳುಳ್ಳಿ ಕರಕಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಒಲೆಯ ಹತ್ತಿರವೇ ಇದ್ದೆ. ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಜಜ್ಜಿದ ಬೆಳ್ಳುಳ್ಳಿ ಹಾಕಿ, ಜುಣಕಕ್ಕೆ ಕಡಲೆಹಿಟ್ಟು ಕಲಸಲು ಆಚೆ ತಿರುಗಿದ್ದೆ, ಅಷ್ಟೆ. ಕೆಳಗಿನ ಮನೆಯ ಮುದುಕಿ ಮೆಟ್ಟಿಲ ಬುಡದಿಂದ ಕೂಗಿದಳು.

“ಏ ತಂಗಿ, ಏನ್ ಸುಡಾಕತ್ತೀ? ಘಾಟ ನನ್ನ ಮನಿ ತನಕ ಬರಾಕತ್ತೈತಿ!”

ತಿರುಗಿ ನೋಡಿದರೆ ಬಾಣಲೆಯ ಮೇಲೆ ಹೊಗೆ ಮಡುಗಟ್ಟಿತ್ತು. ಕಣ್ಣು ಉರಿಯಿತು, ಕೆಮ್ಮು ಬಂತು, ಆದರೆ ಸುಟ್ಟ ವಾಸನೆ ಮಾತ್ರ ಬರಲಿಲ್ಲ. ಒಲೆ ಆರಿಸಿ ಬಾಣಲೆಯ ಹತ್ತಿರ ಮೂಗು ಒಯ್ದೆ. ಏನೂ ಇಲ್ಲ. ಇಂಗಿನ ಡಬ್ಬಿ ತೆರೆದು ಮೂಸಿದೆ. ಸಾಬೂನು ಮೂಸಿದೆ. ಒಗೆಯಲು ಬಿಟ್ಟಿದ್ದ ಸೀರೆ ಮೂಸಿದೆ. ಗೋಡೆಯನ್ನು ಮೂಸಿದ ಹಾಗಿತ್ತು. ಊರೆಲ್ಲ ಮೂಗು ಬಾಯಿ ಮುಚ್ಚಿಕೊಂಡು ಓಡಾಡಿದ ಕಾಲ ಮುಗಿದು, ಜನ ಅದನ್ನು ಮರೆತೂ ಆಗಿತ್ತು. ಹಿಂದಿನ ವಾರ ನನಗೆ ಬಂದು ಹೋದ ಜ್ವರ ಆ ರೋಗದ್ದೇ ಎಂದು ನಾನು ಎಣಿಸಿರಲಿಲ್ಲ. ಮೈ ಹಗುರಾಗಿತ್ತು, ಹಸಿವು ಮರಳಿತ್ತು, ಅದಕ್ಕೇ ಜುಣಕ ಮಾಡಲು ಹೊರಟಿದ್ದೆ.

ನಿಪ್ಪಾಣಿಯ ಆ ಮಹಡಿಯ ಕೋಣೆ ನನಗೆ ಏನಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಗಂಡನ ಮನೆಯಲ್ಲಿ ನಾನು ತುಂಬಿದ ಕುಟುಂಬಕ್ಕೆ ಬೇಯಿಸಿದವಳು. ಬೆಳಗ್ಗೆ ರೊಟ್ಟಿ ಬಡಿಯಲು ಕೂತರೆ ಬುಟ್ಟಿ ತುಂಬುವ ತನಕ ಏಳುವಂತಿರಲಿಲ್ಲ. ನಾನು ಉಣ್ಣುವ ಹೊತ್ತಿಗೆ ತಳದ ರೊಟ್ಟಿ ಬೆವರಿ ಮೆತ್ತಗಾಗಿರುತ್ತಿತ್ತು. ಆ ಮನೆ ಬಿಟ್ಟ ಮೇಲೆ ಕೆಲವು ವರ್ಷ ಅಥಣಿಯಲ್ಲಿ ತಮ್ಮನ ಮನೆಯಲ್ಲಿದ್ದೆ. ತಮ್ಮ ಒಳ್ಳೆಯವನು, ಅವನ ಹೆಂಡತಿಯೂ ಒಳ್ಳೆಯವಳೇ. ಆದರೂ ಅಲ್ಲಿ ಯಾವ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ನನ್ನ ಕೈ ಹಿಂಜರಿಯುತ್ತಿತ್ತು. ನಿಪ್ಪಾಣಿಯ ಮುದ್ರಣಾಲಯವೊಂದರಲ್ಲಿ ಕನ್ನಡ, ಮರಾಠಿ ಎರಡೂ ಅಕ್ಷರ ಜೋಡಿಸಬಲ್ಲವರು ಬೇಕಾಗಿದ್ದಾರೆ ಎಂದು ತಿಳಿದಾಗ ಒಂದೇ ಚೀಲ ಹಿಡಿದು ಬಂದುಬಿಟ್ಟೆ.

ನನ್ನೊಬ್ಬಳಿಗಾಗಿ ಮಾಡಿಕೊಂಡ ಮೊದಲ ಅಡುಗೆ ನೆನಪಿದೆ. ಒಂದು ಹಿಡಿ ಅಕ್ಕಿ, ಅರ್ಧ ಹಿಡಿ ತೊಗರಿಬೇಳೆ, ಒಂದು ಟೊಮೇಟೊ, ಅರಿಶಿನ, ಖಾರದಪುಡಿ, ಎಲ್ಲ ಒಂದೇ ಕುಕ್ಕರಿನಲ್ಲಿ. ಬೆಂದ ಮೇಲೆ ಕುಕ್ಕರಿನಿಂದಲೇ ಚಮಚದಲ್ಲಿ ತಿಂದೆ, ಬಾಗಿಲ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು. ಯಾರಿಗೂ ಬಡಿಸಬೇಕಿರಲಿಲ್ಲ, ಯಾರೂ ಉಪ್ಪು ಹೆಚ್ಚಾಯಿತು ಎನ್ನಲಿಲ್ಲ. ಆಮೇಲೆ ಅದೇ ನನ್ನ ಜೀವನವಾಯಿತು. ಕೆಲಸದಿಂದ ಬಂದು ಸೀರೆ ಬದಲಿಸುವಷ್ಟರಲ್ಲಿ ಆಗಿಬಿಡುವ ಊಟಗಳು: ಈರುಳ್ಳಿ ಹುರಿದು ಹಿಟ್ಟು ಸುರಿದರೆ ಜುಣಕ, ಮೆಂತ್ಯೆಸೊಪ್ಪಿಗೆ ಹೆಸರುಬೇಳೆ ಉದುರಿಸಿದರೆ ಪಲ್ಯ, ಏನೂ ಇಲ್ಲದ ದಿನ ರೊಟ್ಟಿಯ ಮೇಲೆ ಶೇಂಗಾಚಟ್ನಿ, ಎಣ್ಣೆ. ಆ ಕೋಣೆಯಲ್ಲಿ ನನ್ನದು ಎನ್ನಲು ಇದ್ದದ್ದು ಬೇರೇನೂ ಅಲ್ಲ, ಆ ಹಸಿವು ಮತ್ತು ಅದನ್ನು ನನಗೆ ಬೇಕಾದ ಹಾಗೆ ತೀರಿಸಿಕೊಳ್ಳುವ ಸುಖ. ಜ್ವರ ಅದನ್ನೇ ಕಸಿದುಕೊಂಡಿತು.

ಮೊದಮೊದಲು ಬಾಯಿಗೆ ಹಾಕಿದ್ದೆಲ್ಲ ಒದ್ದೆ ರಟ್ಟಿನಂತಿತ್ತು. ನೆನಪಿನ ಮೇಲೆ ಉಣ್ಣುತ್ತಿದ್ದೆ. ಇದು ಬದನೆಕಾಯಿ, ಇದಕ್ಕೆ ಹೀಗೆ ರುಚಿ ಇರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಏನಾದರೂ ತಿಳಿಯಲಿ ಎಂದು ಹಸಿಮೆಣಸಿನ ಖಾರ ಸುರಿದುಕೊಂಡೆ. ಅದರ ಉರಿ ಮಾತ್ರ ತಿಳಿಯುತ್ತಿತ್ತು, ನಾಲಿಗೆ ಬದುಕಿದೆ ಎಂಬ ಸಮಾಧಾನವಾಗುತ್ತಿತ್ತು. ಕೆಲವು ದಿನಗಳಲ್ಲೇ ಹೊಟ್ಟೆ ಹುಣ್ಣಾಯಿತು. ಚಿಕ್ಕೋಡಿಯ ಡಾಕ್ಟರರ ಹತ್ತಿರ ಹೋದೆ. ಅವರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಸುಳ್ಳು ಧೈರ್ಯ ಹೇಳಲಿಲ್ಲ.

“ವಾಸ್ನಿ ತಿಳಿಯೂ ನರ ಬಾಡ್ಯಾವ್ರಿ. ಚಿಗತ್ರ ಚಿಗೀತಾವ, ಇಲ್ಲಂದ್ರ ಇಲ್ಲ. ಖಾರ ಬಿಡ್ರಿ. ಕಾಯೂದ ಒಂದ ಉಳದೈತಿ ನೋಡ್ರಿ.”

“ಎಷ್ಟ ದಿನ ಕಾಯಬೇಕ್ರಿ ಸಾಹೇಬ್ರ?”

ಅವರು ಹೆಗಲು ಹಾರಿಸಿ ಮುಂದಿನ ರೋಗಿಯನ್ನು ಕರೆದರು.

ನಾನು ಕಾದೆ. ನಾನಿದ್ದ ಓಣಿಯ ಕೊನೆಗೆ ತಂಬಾಕಿನ ಗೋದಾಮು ಇದೆ. ಅಲ್ಲಿ ಎಲೆ ಜರಡಿ ಹಿಡಿಯುವ ದಿನ ಹಾದುಹೋಗುವವರೆಲ್ಲ ಸೆರಗು, ಕರವಸ್ತ್ರ ಮೂಗಿಗೆ ಒತ್ತಿಕೊಳ್ಳುತ್ತಾರೆ. ನಾನು ಬೇಕೆಂದೇ ಅದರ ಬಾಗಿಲಲ್ಲಿ ನಿಂತು ಉಸಿರೆಳೆದೆ. ಸೀನು ಬಂತು, ಮತ್ತೆ ಮತ್ತೆ ಬಂತು. ವಾಸನೆ ಬರಲಿಲ್ಲ. ಕಣ್ಣೀರು ಸುರಿಸುತ್ತ ನಿಂತ ನನ್ನನ್ನು ನೋಡಿ ಅಲ್ಲಿನ ಹೆಂಗಸೊಬ್ಬಳು ಮರಾಠಿಯಲ್ಲಿ “ಕಾಯ ಝಾಲಂ ತಾಈ?”, ಏನಾಯಿತು ಅಕ್ಕಾ, ಎಂದು ಕೇಳಿದಳು. ತಂಬಾಕಿನ ಘಾಟು ಎಂದು ಸುಳ್ಳು ಹೇಳಿ ಬಂದೆ.

ಆಮೇಲೆ ಒಂದು ಬೆಳಗ್ಗೆ ವಾಸನೆ ಮರಳಿ ಬಂತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು.

ಮೊದಲು ಉಪ್ಪು, ಹುಳಿ ನಾಲಿಗೆಗೆ ತಿಳಿದವು. ಹುಣಸೆಹಣ್ಣು ಚೀಪಿ ಸಣ್ಣ ಹುಡುಗಿಯಂತೆ ಕುಣಿದೆ. ಅದೇ ಸಂತೋಷದಲ್ಲಿ ಈರುಳ್ಳಿ ಹೆಚ್ಚಿ ಎಣ್ಣೆಗೆ ಹಾಕಿದೆ. ಬಾಣಲೆಯಿಂದ ಎದ್ದದ್ದು ಈರುಳ್ಳಿಯ ವಾಸನೆಯಲ್ಲ. ಗಟಾರದಲ್ಲಿ ಸತ್ತು ಬಿದ್ದ ಇಲಿಯ ಮೇಲೆ ಯಾರೋ ಹಳೆಯ ಟೈರು ಸುಟ್ಟಂತೆ ಇತ್ತು ಅದು. ಮೋರಿಯ ತನಕವೂ ಹೋಗಲಾಗಲಿಲ್ಲ, ಅಲ್ಲೇ ಕಾರಿಕೊಂಡೆ. ಈರುಳ್ಳಿ ಕೆಟ್ಟಿರಬೇಕು ಎಂದುಕೊಂಡು ಬೇರೆ ತಂದೆ. ಅದೂ ಹಾಗೇ. ಬೆಳ್ಳುಳ್ಳಿ, ಹುರಿದ ಶೇಂಗಾ, ಕಾದ ಎಣ್ಣೆ, ತವೆಯ ಮೇಲಿನ ರೊಟ್ಟಿ, ಚಹಾ, ಎಲ್ಲಕ್ಕೂ ಅದೇ ಹೊಲಸು. ಹಲ್ಲುಜ್ಜುವ ಪೇಸ್ಟೂ ಬಿಡಲಿಲ್ಲ.

ನಮ್ಮ ಕಡೆ ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಬದುಕುವುದೆಂದರೆ ಊರು ಬಿಟ್ಟು ಬದುಕಿದ ಹಾಗೆ. ಬೆಳಗಾದರೆ ಓಣಿಯ ಎಲ್ಲ ಮನೆಗಳಿಂದ ಒಗ್ಗರಣೆ ಏಳುತ್ತದೆ. ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ತಲೆ ತನಕ ಚಾದರ ಎಳೆದುಕೊಂಡು ಮಲಗುತ್ತಿದ್ದೆ. ಮುದ್ರಣಾಲಯದಲ್ಲಿ ಎಲ್ಲರೂ ಡಬ್ಬಿ ತೆರೆಯುವ ಹೊತ್ತಿಗೆ ಹೊರಗೆ ಹೋಗಿ ಹೆದ್ದಾರಿಯ ಬದಿಗೆ ನಿಲ್ಲುತ್ತಿದ್ದೆ. ಲಾರಿಗಳ ಹೊಗೆ ಡಬ್ಬಿಗಳಿಗಿಂತ ವಾಸಿಯಾಗಿತ್ತು. ದಿನವಿಡೀ ನಾನು ಜೋಡಿಸುತ್ತಿದ್ದುದು ಲಗ್ನಪತ್ರಿಕೆಗಳು. ಅಕ್ಷತೆಯ ನಂತರ ಭೋಜನದ ವ್ಯವಸ್ಥೆ ಇದೆ ಎಂಬ ಸಾಲು ಬಂದಾಗಲೆಲ್ಲ ಓದದೆ ಬೆರಳಿಗೆ ಬಿಟ್ಟು ಮುಂದೆ ಹೋಗುತ್ತಿದ್ದೆ.

ಬಿಸ್ಕತ್ತು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದೆ. ಬಾಳೆಹಣ್ಣು ತಿನ್ನುತ್ತಿದ್ದೆ. ಕುಬಸಗಳು ಜೋತುಬಿದ್ದವು, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಸಾಯಬೇಕು ಎಂದು ನನಗೆ ಅನ್ನಿಸಿತೆಂದು ಹೇಳಲಾರೆ. ಉಣ್ಣದೆ ಇರುವುದಕ್ಕೆ ಯಾವುದಾದರೂ ದಾರಿ ಇದ್ದರೆ ಸಾಕಿತ್ತು. ಹಸಿವಾಗುತ್ತಿತ್ತು, ಅದೇ ಘೋರ. ಹಸಿವೇ ಇಲ್ಲದಿದ್ದರೆ ಸುಮ್ಮನೆ ಬಿದ್ದುಕೊಂಡಿರಬಹುದಿತ್ತು. ಹೊಟ್ಟೆ ಅನ್ನ ಕೇಳುತ್ತಿತ್ತು, ಮೂಗು ಅನ್ನವನ್ನು ಹೆಣ ಎನ್ನುತ್ತಿತ್ತು. ನಾನು ಇಬ್ಬರ ನಡುವೆ ಸಿಕ್ಕಿಬಿದ್ದಿದ್ದೆ.

ಕೆಳಗಿನ ಮುದುಕಿಯನ್ನು ನಾನು, ಮುಸಲ್ಮಾನರು ಚಿಕ್ಕಮ್ಮನನ್ನು ಕರೆಯುವಂತೆ, ಖಾಲಾ ಎಂದೇ ಕರೆಯುತ್ತಿದ್ದೆ, ತಾಯಿಗೆ ಅನ್ನುವ ಹಾಗೆ ‘ನೀ’ ಎಂದೇ ಮಾತಾಡಿಸುತ್ತಿದ್ದೆ. ಅವಳೂ ಒಂಟಿ. ಗಂಡ ತೀರಿಹೋಗಿದ್ದ, ಮಗಳು ಇಚಲಕರಂಜಿಯಲ್ಲಿ. ಹಗಲೆಲ್ಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಾನು ಸೊರಗಿದ್ದನ್ನು ನೋಡಲಾರದೆ ಒಂದು ದಿನ ತತ್ತಿ ಹುರಿದು ತಟ್ಟೆ ಮುಚ್ಚಿ ತಂದಳು. ನಾನು ಬಾಗಿಲು ತೆರೆದವಳೇ ಅವಳನ್ನು ತಳ್ಳಿಕೊಂಡು ಹೊರಗೆ ಓಡಿದೆ. ತಿರುಗಿ ಬಂದಾಗ ಅವಳು ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

“ನನ್ನ ಕೈಯಾಗಿಂದು ಉಣ್ಣೂದಿಲ್ಲ ಅಂತ ಅಲ್ಲಲಾ?” ಎಂದಳು.

“ಅಲ್ಲ ಖಾಲಾ. ನಾ ಮಾಡಿದ್ದ ನನಗ ಉಣ್ಣಾಕ ಆಗವಲ್ದು.”

ನಂಬಿದಳು. ಅದೊಂದು ಉಪಕಾರ. ಆದರೆ ಅವಳಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ಅದೇ ದಿನಗಳಲ್ಲಿ ಒಂದು ಸಂಜೆ ಹಾಲು ಕಾಯಲು ಇಟ್ಟೆ. ಬಿಸಿ ಹಾಲಿನ ವಾಸನೆ ತಾಳದೆ ಮೂಲೆಗೆ ಹೋಗಿ ಮೂಗಿಗೆ ಸೆರಗು ಸುತ್ತಿಕೊಂಡು ಕೂತೆ. ನಿತ್ರಾಣಕ್ಕೆ ಕಣ್ಣು ಎಳೆದವು. ಹಾಲು ಉಕ್ಕಿ ಬೆಂಕಿ ಆರಿದ್ದು, ಗ್ಯಾಸ್ ಹಾಗೇ ಸೋರುತ್ತಿದ್ದುದು ನನಗೆ ತಿಳಿಯಲಿಲ್ಲ. ಹಾಲನ್ನು ಹೆಣವೆನ್ನುವ ಮೂಗಿಗೆ ಗ್ಯಾಸ್ ಮಾತ್ರ ತಿಳಿಯುತ್ತಿರಲಿಲ್ಲ. ಕೆಳಗೆ ಅದರ ನಾತ ಬಡಿದು ಖಾಲಾ ಬಾಗಿಲು ದಬ್ಬಿ ಒಳಗೆ ಬಂದು, ಸಿಲಿಂಡರ್ ಬಂದ್ ಮಾಡಿ, ಕಿಟಕಿಯ ಸಂದಿಯ ಬಟ್ಟೆಗಳನ್ನೆಲ್ಲ ಕಿತ್ತೆಸೆದಳು. ನನ್ನನ್ನು ಹಿಡಿದೆಳೆದು ಮೆಟ್ಟಿಲ ಮೇಲೆ ಕೂರಿಸಿ, ಎದೆ ಬಡಿದುಕೊಂಡು ಅತ್ತಳು.

“ನಾ ಇಂದ ಸಂತಿಗೆ ಹೋಗಿದ್ರ? ಹೇಳ ನೋಡೂಣು, ಏನ್ ಆಗ್ತಿತ್ತು? ನಿನ್ನ ತಮ್ಮನ ಮನಿಗೆ ಹೋಗ ತಂಗಿ. ನಿನಗ ಒಬ್ಬಾಕಿಗೆ ಆಗೂದಿಲ್ಲ. ನನ್ನ ಮಾತ ಕೇಳ.”

ಎಲ್ಲರೂ ಹೇಳುತ್ತಿದ್ದ ಮಾತೇ. ಅವಳ ಬಾಯಿಂದ ಬಂದಾಗ ಮಾತ್ರ ನನ್ನ ಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ಒಂಟಿಯಾಗಿ ಇರಬಹುದು ಎಂಬುದಕ್ಕೆ ನನ್ನ ಕಣ್ಣ ಮುಂದಿದ್ದ ಸಾಕ್ಷಿಯೇ ಅವಳು. ಮರುದಿನ ತಮ್ಮನಿಗೆ ಫೋನ್ ಮಾಡಿದೆ.

“ಬಾ ಅಕ್ಕಾ,” ಎಂದ. “ಮೊದಲ ಹೇಳೀನಲ್ಲ. ನಿನ್ನ ಒಂದ್ ಹೊಟ್ಟಿ ನಮಗ ಭಾರ ಆಕ್ಕೈತೇನ?”

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆ. ಕಬ್ಬು ನುರಿಸುವ ಕಾಲ. ಕಾರ್ಖಾನೆಯೊಂದರ ಹತ್ತಿರ ಬಂದಾಗ ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಆ ನಾತ ತಿಳಿಯಲೇ ಇಲ್ಲ. ಪಕ್ಕದ ಹೆಂಗಸು ಮಗುವಿಗೆ ಕೊಡಲು ಚಕ್ಕುಲಿಯ ಪೊಟ್ಟಣ ಬಿಚ್ಚಿದಳು, ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಕೃಷ್ಣೆಯ ಸೇತುವೆ ದಾಟುವಾಗ ಗಾಳಿ ಮುಖಕ್ಕೆ ಬಡಿಯಿತು. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಹಾಗೇ ಆ ಸೇತುವೆಯ ಮೇಲೇ ಇದ್ದುಬಿಡಬೇಕು ಅನ್ನಿಸಿತು.

ತಮ್ಮನ ಹೆಂಡತಿ ನನಗಾಗಿ ಎಣ್ಣೆಗಾಯಿ ಮಾಡಿದ್ದಳು. ಎಳೆ ಬದನೆಕಾಯಿಗೆ ಈರುಳ್ಳಿ, ಒಣಕೊಬ್ಬರಿ, ಶೇಂಗಾ ಹುರಿದು ಅರೆದು ತುಂಬಿದ್ದು. ಒಂದು ಕಾಲದಲ್ಲಿ ನನಗೆ ಅದು ಇಷ್ಟವೆಂದು ನೆನಪಿಟ್ಟುಕೊಂಡು, ಬೆಳಗಿನಿಂದ ಕೂತು ಮಾಡಿದ್ದಳು. ಪಡಸಾಲೆಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು. ಹಲ್ಲು ಕಚ್ಚಿ ಕೂತೆ. ಬಾಯಿಯಿಂದ ಉಸಿರಾಡುತ್ತ ಒಂದು ತುತ್ತು ನುಂಗಿದೆ. ಎರಡನೆಯದಕ್ಕೆ ಆಗಲಿಲ್ಲ. ತಟ್ಟೆ ಬಿಟ್ಟು ಹಿತ್ತಿಲಿಗೆ ಓಡಿದೆ. ನಾನು ಕಾರಿಕೊಳ್ಳುವ ಸದ್ದು ಊಟಕ್ಕೆ ಕೂತಿದ್ದ ಮಕ್ಕಳಿಗೂ ಕೇಳಿಸಿರಬೇಕು.

ಅವಳು ನೀರಿನ ಚೆಂಬು ತಂದುಕೊಟ್ಟಳು. ಮುಖ ಬಿಳಿಚಿತ್ತು.

“ನಾ ಮಾಡಿದ್ದು ಅಷ್ಟು ಹೇಸಿಗಿ ಆತೇನ್ರಿ ಅಕ್ಕಾರ?”

“ಇಲ್ಲವ್ವಾ. ನಿನ್ನ ಅಡಗಿ ಅಲ್ಲ, ನನ್ನ ಮೂಗ ಕೆಟ್ಟೈತಿ.”

“ಮೂಗ ಕೆಟ್ರ ವಾಸ್ನಿ ಬರಬಾರದಲ್ರಿ,” ಎಂದಳು. ನನಗೇ ಅರ್ಥವಾಗದ್ದನ್ನು ಅವಳಿಗೆ ಹೇಗೆ ತಿಳಿಸಲಿ?

ತಮ್ಮ ಕೈ ತೊಳೆದುಕೊಂಡು ಬಂದು ಹತ್ತಿರ ಕೂತ. “ಅಕ್ಕಾ, ಇದು ಮೂಗಿಂದಲ್ಲ, ಮನಸಿಂದು. ಒಬ್ಬಾಕೀನ ಇದ್ದು ಇದ್ದು ಹಿಂಗಾಗೈತಿ. ಚಿಂಚಲಿ ಮಾಯವ್ವಗ ಹರಕಿ ಹೊರೂಣು. ನಾಲ್ಕ ಮಂದಿ ಕೂಡ ಕುಂತ ಉಂಡ್ರ ತಾನ ಸರಿ ಆಕ್ಕೈತಿ.”

ಪ್ರೀತಿಯಿಂದಲೇ ಹೇಳಿದ. ಆದರೆ ಆ ಮನೆಯಲ್ಲಿ ಹೊತ್ತುಹೊತ್ತಿಗೆ ಒಲೆ ಹೊತ್ತುತ್ತಿತ್ತು, ಹೊತ್ತುಹೊತ್ತಿಗೆ ನಾನು ಹಿತ್ತಿಲಿಗೆ ಹೋಗುತ್ತಿದ್ದೆ. ಮೂರು ದಿನಕ್ಕೆ ಅವಳು ಒಗ್ಗರಣೆ ಹಾಕುವ ಮೊದಲು ನನ್ನ ಕಡೆ ಅಂಜಿ ನೋಡಲು ಶುರು ಮಾಡಿದಳು. ತನ್ನ ಮನೆಯಲ್ಲಿ ತನ್ನ ಒಲೆಗೆ ಅವಳು ಅಂಜುವುದನ್ನು ನೋಡಲಾಗಲಿಲ್ಲ. ನನಗೂ ಒಂದು ಕಾಲದಲ್ಲಿ ಒಲೆಯ ಮುಂದೆ ಹಾಗೆ ಅಂಜಿ ಕೂತು ಗೊತ್ತಿತ್ತು. ನಿಪ್ಪಾಣಿಗೆ ಹೋಗುತ್ತೇನೆ ಎಂದೆ. ತಮ್ಮ ಸಿಟ್ಟಾದ. ಅವಳು ಬುತ್ತಿ ಕಟ್ಟಲು ಹೋಗಿ, ನೆನಪಾಗಿ, ಕೈ ಹಿಂದೆಗೆದುಕೊಂಡಳು. ಬಸ್ಸಿನಲ್ಲಿ ಕೂತಾಗ ಹೋಗಲು ಇನ್ನೊಂದು ಜಾಗ ಈ ಭೂಮಿಯ ಮೇಲೆ ಇಲ್ಲ ಎಂಬುದು ತಿಳಿಯಿತು. ಅಳಲೂ ಇಲ್ಲ. ಅಳಲು ಮೈಯಲ್ಲಿ ನೀರು ಬೇಕಲ್ಲ.

ನಿಪ್ಪಾಣಿಗೆ ಮರಳಿದಾಗ ಖಾಲಾ ನನ್ನ ಚೀಲ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ನನ್ನ ಸಿಲಿಂಡರನ್ನು ಕೆಳಗೆ ಅವಳ ಮನೆಗೆ ಇಳಿಸಿಬಿಟ್ಟೆ. ಮುದ್ರಣಾಲಯದ ಮಾಲಕರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಕರೆಂಟಿನ ಒಲೆ ಕೇಳಿ ತಂದೆ. ಸೋರಿ ಸಾಯುವ ಭಯವೊಂದು ತಪ್ಪಿತು. ಆದರೆ ಉಣ್ಣುವುದು ಏನನ್ನು?

ಅದು ರವಿವಾರ ಮಧ್ಯಾಹ್ನ. ಡಬ್ಬಿಯ ತಳದಲ್ಲಿ ಜೋಳದ ನುಚ್ಚು ಇತ್ತು. ಬಿತ್ತನೆಗೂ ಬಾರದ, ರೊಟ್ಟಿಗೂ ಬಾರದ ಒಡಕು ಕಾಳು. ನೀರು ಹಾಕಿ, ಉಪ್ಪು ಹಾಕಿ ಕುದಿಯಲು ಇಟ್ಟೆ. ಆವಿ ಏಳುತ್ತಿದ್ದಂತೆ ಅದೇ ನಾತ. ಬೆಂದಿತೆಂದು ಕಂಡಾಗ ಒಲೆ ಬಂದ್ ಮಾಡಿ, ಪಾತ್ರೆಯನ್ನು ಅಲ್ಲೇ ಬಿಟ್ಟು ಮಾಳಿಗೆಗೆ ಹೋದೆ. ನೀರಿನ ಟಾಕಿಯ ನೆರಳಿನಲ್ಲಿ ಬರಿನೆಲದ ಮೇಲೆ ಬಿದ್ದುಕೊಂಡೆ. ಇನ್ನು ಪ್ರಯತ್ನ ಮಾಡಬಾರದು ಎಂದು ನಿಶ್ಚಯಿಸಿದ್ದೆ. ಆಗಿದ್ದಾಗಲಿ. ಹಾಗೇ ನಿದ್ದೆ ಹತ್ತಿತು.

ಎಚ್ಚರವಾದಾಗ ನೆರಳು ಸರಿದು ಬಿಸಿಲು ಕಾಲ ಮೇಲೆ ಬಿದ್ದಿತ್ತು. ಹಸಿವು ಮತ್ತೆ ಎದ್ದಿತ್ತು. ಕೆಳಗೆ ಬಂದೆ. ಪಾತ್ರೆಯನ್ನು ಎತ್ತಿ ಹೊರಗೆ ಚೆಲ್ಲಬೇಕೆಂದು ಹಿಡಿದರೆ ತಣ್ಣಗಾಗಿತ್ತು. ಮೂಗು ಸುಮ್ಮನಿತ್ತು. ಬಗ್ಗಿದೆ. ಏನೂ ಇಲ್ಲ, ನಾತವೂ ಇಲ್ಲ. ಬೆರಳಲ್ಲಿ ಒಂದಿಷ್ಟು ತೆಗೆದು ಬಾಯಿಗಿಟ್ಟೆ. ಉಪ್ಪು ತಿಳಿಯಿತು. ಜೋಳದ ತರಿ ಹಲ್ಲಿಗೆ ತಾಗಿತು. ನುಂಗಿದೆ. ಹೊಟ್ಟೆ ತಿರುಗುವುದನ್ನು ಕಾಯುತ್ತ ಗೋಡೆ ಹಿಡಿದು ನಿಂತೆ. ತಿರುಗಲಿಲ್ಲ. ಇನ್ನೊಂದು ತುತ್ತು. ಮೊಸರು ಕಲಸಿದೆ. ನಿಂತೇ, ಪಾತ್ರೆಯಿಂದಲೇ, ಬಾಯಿಯ ಎರಡೂ ಬದಿಗೆ ಮೊಸರು ಸುರಿಯುವಂತೆ ತಿಂದೆ. ಮುಗಿದ ಮೇಲೆ ಪಾತ್ರೆಯ ತಳ ಬೆರಳಲ್ಲಿ ಕೆರೆದೆ. ಆಗ ಅಳು ಬಂತು, ಬಂದದ್ದು ನಿಲ್ಲಲೇ ಇಲ್ಲ. ಸದ್ದು ಕೇಳಿ ಖಾಲಾ ಹತ್ತಿ ಬಂದಳು.

“ಮತ್ತ ಕಾರಿಕೊಂಡೇನ?”

“ಇಲ್ಲ ಖಾಲಾ. ಉಂಡೀನಿ.”

ನಾತವೆಲ್ಲ ಬಿಸಿಯಲ್ಲಿ ಇದೆ, ಆರಿದರೆ ಅದು ಮಲಗುತ್ತದೆ ಎಂದು ನಿಧಾನವಾಗಿ ತಿಳಿಯಿತು. ಅಂದಿನಿಂದ ನಾನು ಆರಿಸಿ ಉಣ್ಣುವವಳಾದೆ. ಮುಂಜಾನೆ ಕೆಲಸಕ್ಕೆ ಹೊರಡುವ ಮೊದಲು ನುಚ್ಚೋ ಅನ್ನವೋ ಕುದಿಯಲಿಟ್ಟು, ಬಾಗಿಲು ಹಾಕಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಬೆಂದ ಮೇಲೆ ಮೂಗು ಕಟ್ಟಿಕೊಂಡು ಹೋಗಿ ಒಲೆ ಆರಿಸಿ ಮುಚ್ಚಿಡುತ್ತಿದ್ದೆ. ಸಂಜೆ ಬಂದು ಮೊಸರು ಕಲಸಿ, ಸೌತೆಕಾಯಿ ಕಚ್ಚಿಕೊಂಡು ಊಟ. ಹೆಸರುಬೇಳೆಯನ್ನು ಒಗ್ಗರಣೆ ಇಲ್ಲದೆ ಬೇಯಿಸಿ, ಆರಿಸಿ, ನಿಂಬೆಹಣ್ಣು ಹಿಂಡಿದರೆ ಅದೊಂದು. ಅವಲಕ್ಕಿ ನೆನೆಸಿ ಬೆಲ್ಲ ಹಾಕಿದರೆ ಒಲೆಯೇ ಬೇಡ. ಸಂತೆಯಲ್ಲಿ ಹಕ್ಕರಕಿ ಸೊಪ್ಪು ಸಿಕ್ಕಿದರೆ ತೊಳೆದು ಹಸಿಯಾಗಿಯೇ ಮೆಲ್ಲುತ್ತಿದ್ದೆ. ರೊಟ್ಟಿಯನ್ನು ಖಾಲಾ ಕೆಳಗೆ ನನ್ನ ಸಿಲಿಂಡರಿನಲ್ಲೇ ಬಡಿದು, ಕಟಕಟ ಎನ್ನುವಂತೆ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಮೇಲೆ ಕಳಿಸುತ್ತಿದ್ದಳು. ನೀರು ಚಿಮುಕಿಸಿ ಮೊಸರಲ್ಲಿ ಅದ್ದಿ ತಿನ್ನುತ್ತಿದ್ದೆ. ಅವಳೂ ಒಮ್ಮೊಮ್ಮೆ ನನ್ನ ಜೊತೆ ಉಣ್ಣಲು ಕೂತು, “ಏನ ಊಟ ತಂಗಿ ಇದು, ದವಾಖಾನಿ ಊಟ” ಎಂದು ಬೈದು, ಸೆರಗಿನಲ್ಲಿ ತಂದ ಹಸಿಮೆಣಸಿನಕಾಯಿ ಕಡಿದುಕೊಳ್ಳುತ್ತಿದ್ದಳು.

ಸುಖವೆನ್ನಲಾರೆ. ತಿಂಗಳುಗಟ್ಟಲೆ ತಣ್ಣಗಿನದನ್ನೇ, ಬೆಳ್ಳಗಿನದನ್ನೇ ಉಣ್ಣುವುದು ಜೈಲಿನ ಹಾಗೆ. ಮಳೆಗಾಲದಲ್ಲಿ ಚಳಿಗೆ ನಡುಗುತ್ತ ತಣ್ಣನೆಯ ನುಚ್ಚು ನುಂಗುವಾಗ ಬಿಸಿ ಸಾರಿನ ನೆನಪಾಗಿ ತಟ್ಟೆ ಗೋಡೆಗೆ ಎಸೆದದ್ದೂ ಇದೆ. ಎಸೆದದ್ದನ್ನು ಬಳಿದು ಮತ್ತೆ ಪಾತ್ರೆಯಿಂದ ಬಡಿಸಿಕೊಂಡೆ, ಯಾಕೆಂದರೆ ಬೇರೇನೂ ಇರಲಿಲ್ಲ. ಕೆಲವು ಬೆಳಗುಗಳಲ್ಲಿ ಇದು ಸಾಯುವ ತನಕ ಹೀಗೇ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ಕೆಲಸಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಆದರೂ ಕುಬಸಗಳು ಮತ್ತೆ ಮೈಗೆ ಹತ್ತಿದವು. ಕೂದಲು ಉದುರುವುದು ನಿಂತಿತು.

ನಾತ ಒಂದೇ ದಿನ ಹೋಗಲಿಲ್ಲ. ಮೊದಲು ಹಾಲು ಹಾಲಾಯಿತು. ಅದಾದ ಎಷ್ಟೋ ದಿನಕ್ಕೆ ಶೇಂಗಾ. ಈರುಳ್ಳಿ ಬಹಳ ಹಟ ಮಾಡಿತು, ಈಗಲೂ ಹುರಿಯುವಾಗ ಹತ್ತಿರ ನಿಲ್ಲಲಾರೆ, ಬೇಯಿಸಿದರೆ ಸಹಿಸುತ್ತೇನೆ. ಬೆಳ್ಳುಳ್ಳಿ ಮರಳಲೇ ಇಲ್ಲ. ಹೂವಿನ ವಾಸನೆಯೂ ಇಲ್ಲ. ಖಾಲಾ ಹೋದ ವರ್ಷ ಮೊಣಕಾಲು ಸೋತು ಮಗಳ ಮನೆಗೆ ಹೋದಳು. ಹೋಗುವ ದಿನ ನನ್ನ ಸಿಲಿಂಡರನ್ನು ಮೇಲೆ ಹೊರಿಸಿ ಕಳಿಸಿ, “ಹುಷಾರ ಇರ, ದಿನಾ ಬಂದ್ ಮಾಡಿ ಮಕ್ಕೋ” ಎಂದು ಗಲ್ಲ ಸವರಿದಳು. ಕೆಳಗಿನ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಅವರು ಗ್ಯಾಸಿನ ವಾಸನೆ ಹಿಡಿದು ಬಂದು ನನ್ನನ್ನು ಎಬ್ಬಿಸುವವರಲ್ಲ. ಹಾಗಾಗಿ ಸಿಲಿಂಡರನ್ನು ಬಳಸುವುದೇ ಇಲ್ಲ, ಹೊರಗೆ ಮಾಳಿಗೆಯ ಮೂಲೆಯಲ್ಲಿಟ್ಟಿದ್ದೇನೆ.

ಮೊನ್ನೆ ಗುರುವಾರ ಬೇಳೆಸಾರು ಮಾಡಿ, ಧೈರ್ಯ ಮಾಡಿ ಜೀರಿಗೆಯ ಒಗ್ಗರಣೆ ಹಾಕಿದೆ. ಬಿಸಿ ಅನ್ನದ ಮೇಲೆ ಸುರಿದುಕೊಂಡು ಕೂತೆ. ಆವಿ ಮುಖಕ್ಕೆ ಬಂತು. ನಾಲ್ಕೈದು ತುತ್ತು ಸರಾಗ ಇಳಿದವು, ಆಮೇಲೆ ಎಲ್ಲಿಂದಲೋ ಆ ಹಳೆಯ ನಾತದ ಒಂದು ಎಳೆ ಸುಳಿಯಿತು. ತಟ್ಟೆ ದೂರ ಸರಿಸಿ, ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ, ಆರುವ ತನಕ ಕಿಟಕಿಯಲ್ಲಿ ನಿಂತಿದ್ದೆ.